ಗಣಕಯಂತ್ರವು ನಡುವೆಯೇ ಆರಿ ಮತ್ತೆ ಹೊತ್ತಿಕೊಳ್ಳುವುದೇಕೆ?



ಇತ್ತೀಚೆಗೆ ನಮಗೆ ಬರುವ ಪತ್ರಗಳಲ್ಲಿ ಒಂದು ದೂರು ಪುನಃ ಪುನಃ ಕಾಣಿಸಿಕೊಳ್ಳುತ್ತಿದೆ. ಮನೆಯ ಗಣಕಯಂತ್ರವು ಚೆನ್ನಾಗಿಯೇ ಕೆಲಸಮಾಡುತ್ತಿರುತ್ತದೆ. ಪ್ರಿಂಟರನ್ನೋ ಸ್ಕ್ಯಾನರನ್ನೋ ಹೊರಗಿನ ಹಾರ್ಡ್‌ಡಿಸ್ಕನ್ನೋ ಜೋಡಿಸಿದ ಮೇಲೆ ಹೇಳದೆ ಕೇಳದೆ ಆರಿಹೋಗಿ, ಕ್ಷಣಮಾತ್ರದಲ್ಲಿ ತಾನಾಗಿಯೇ ಮತ್ತೆ ಹೊತ್ತಿಕೊಳ್ಳುತ್ತದೆ. ಬರೆಯುತ್ತಿದ್ದುದು ಅಳಿಸಿಹೋಗುತ್ತದೆ. ಅಂಗಡಿಯ ಲೆಕ್ಕದ ಕಡತವು ಅರ್ಧಕ್ಕೆ ತುಂಡಾಗಿ, ಮರುದಿನ ತೆರೆಯಲು ಹೋದರೆ ತೆರೆಯದೆ ಕೂಡುತ್ತದೆ. ಇದಕ್ಕೆ ಪರಿಹಾರವೇನೆಂದು ಕೇಳಿದವರಲ್ಲಿ ಹೆಚ್ಚಿನವರು ಪತ್ರದ ಕೊನೆಗೆ ಇನ್ನೊಂದು ಸಾಲನ್ನೂ ಸೇರಿಸಿರುತ್ತಾರೆ: ‘ಹೊಸದನ್ನೇ ಕೊಳ್ಳಿರೆಂದು ರಿಪೇರಿಯವರು ಹೇಳುತ್ತಿದ್ದಾರೆ, ಕೊಳ್ಳಬೇಕೆ?’ ಈ ಕೊನೆಯ ಸಾಲಿನ ಕಾರಣದಿಂದಲೇ ಈ ಸಲದ ಪುಟಗಳನ್ನು ಇದೊಂದು ವಿಷಯಕ್ಕೆ ಮೀಸಲಿಡಬೇಕೆಂದು ನಮಗೆ ತೋರಿತು. ಹಲವು ಸಾವಿರ ರೂಪಾಯಿಗಳ ವೆಚ್ಚವನ್ನು ಒಪ್ಪಿಕೊಳ್ಳುವುದಕ್ಕೆ ಮುನ್ನ ಮನೆಯವರೇ ಒಂದೆರಡು ದಿನ ತಾಳ್ಮೆಯಿಂದ ಪರೀಕ್ಷಿಸಿದರೆ, ದೋಷವು ಎಲ್ಲಿದೆಯೆಂಬುದು ಬಹುಪಾಲು ಸಂದರ್ಭಗಳಲ್ಲಿ ತಿಳಿಯುತ್ತದೆ.

ಶಾಸ್ತ್ರವನ್ನೋದಿದವರಿಗೆ ಯಂತ್ರದ ಗೊಡವೆಯೇಕೆಂದು ಕೆಲವರು ಹುಬ್ಬೇರಿಸಬಹುದು. ಪಾಠಶಾಲೆಯಲ್ಲಿ ತರ್ಕವನ್ನು ಅಭ್ಯಾಸಮಾಡಿದವರಿಗೆ ಈ ಕೆಲಸವು ಪರಕೀಯವಲ್ಲ. ಯಾವುದು ಇದ್ದಾಗ ಕಾರ್ಯವು ಆಗುವುದೋ ಅದು ಅನ್ವಯ. ಯಾವುದು ಇಲ್ಲದಾಗ ಕಾರ್ಯವೂ ಆಗದೋ ಅದು ವ್ಯತಿರೇಕ. ಇವೆರಡೂ ಕೂಡಿದಾಗ ಮಾತ್ರ ಕಾರಣವನ್ನು ನಿಶ್ಚಯಿಸಬಹುದು. ಕಾಗೆ ಕುಳಿತ ಕ್ಷಣಕ್ಕೆ ತಾಳೆಯ ಹಣ್ಣು ಬಿದ್ದಿತೆಂದು ಕಾಗೆಯ ಮೇಲೆ ಹೊರೆ ಹೊರಿಸುವುದು ಸಲ್ಲದು. ಗಣಕಯಂತ್ರದ ವಿಷಯದಲ್ಲಿ ಜನರು ಮಾಡುವುದು ಪ್ರಾಯಶಃ ಇದನ್ನೇ. ಒಂದು ಸಾಧನವನ್ನು ಚುಚ್ಚಿದಾಗ ಯಂತ್ರವು ಆರಿತು. ಆದ್ದರಿಂದ ಆ ಸಾಧನವೇ ಕೆಟ್ಟದ್ದು ಎನ್ನುತ್ತಾರೆ. ವ್ಯತಿರೇಕವನ್ನು ನೋಡುವ ಶ್ರಮವನ್ನು ಯಾರೂ ತೆಗೆದುಕೊಳ್ಳುವುದಿಲ್ಲ.

ಮೊದಲಿಗೆ ಅರಿಯಬೇಕಾದುದು, ಯಂತ್ರವು ಆರಿದ ಬಗೆ ಯಾವುದು ಎಂಬುದನ್ನು. ಎರಡು ಬಗೆಗಳಿವೆ. ಮನೆಯಲ್ಲಿ ಕರೆಂಟು ಹೋದಂತೆ, ತೆರೆಯು ಒಮ್ಮೆಗೇ ಕಪ್ಪಾಗಿ, ಒಂದಕ್ಷರವೂ ತೋರದೆ ಯಂತ್ರವು ಮೊದಲಿನಿಂದ ಹೊರಡುವುದು ಒಂದು ಬಗೆ. ಇದು ಹೆಚ್ಚಾಗಿ ವಿದ್ಯುತ್ತಿನ ಕೊರತೆಯ ಲಕ್ಷಣ. ನೀಲಿಯ ತೆರೆಯೊಂದು ಮಿಂಚಿ, ಅದರ ಮೇಲೆ ಕೆಲವು ಅಕ್ಷರಗಳು ಕಾಣಿಸಿ, ಓದುವಷ್ಟರಲ್ಲಿ ಮಾಯವಾಗಿ ಯಂತ್ರವು ಮತ್ತೆ ಹೊರಡುವುದು ಎರಡನೆಯದು. (2025ರಲ್ಲಿ ಬಂದ ಪರಿಷ್ಕರಣದ ಬಳಿಕ ವಿಂಡೋಸ್ 11ರಲ್ಲಿ ಈ ನೀಲಿಯು ಕಪ್ಪಾಗಿದೆ, ಆದಕಾರಣ ಬಣ್ಣವನ್ನು ನೋಡದೆ ಅಕ್ಷರಗಳಿವೆಯೇ ಎಂಬುದನ್ನು ನೋಡಬೇಕು.) ಈ ಎರಡನೆಯ ಬಗೆಯಲ್ಲಿ, ಸಾಧನವನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್ ಎಂದು ಕರೆಯುವ ಕಡತವೇ ಮುಗ್ಗರಿಸಿರುವ ಸಂಭವ ಹೆಚ್ಚು.

ಅಕ್ಷರಗಳನ್ನು ಓದಲು ಬಿಡದೆ ಯಂತ್ರವನ್ನು ಮತ್ತೆ ಹೊರಡಿಸುವುದು ವಿಂಡೋಸಿನ ಏರ್ಪಾಡೇ ಹೊರತು ದೋಷವಲ್ಲ. ಅದನ್ನು ನಿಲ್ಲಿಸಬಹುದು. ಸ್ಟಾರ್ಟ್ ಹುಡುಕುಪಟ್ಟಿಯಲ್ಲಿ ‘ವ್ಯೂ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್’ ಎಂಬುದನ್ನು ತೆರೆದು, ಅಲ್ಲಿ ‘ಸ್ಟಾರ್ಟಪ್ ಅಂಡ್ ರಿಕವರಿ’ಯ ಸೆಟ್ಟಿಂಗ್ಸ್ ಒತ್ತಿದರೆ, ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಎಂಬ ಸಾಲಿನ ಮುಂದೆ ಒಂದು ಗುರುತಿರುತ್ತದೆ. ಅದನ್ನು ತೆಗೆದುಹಾಕಿರಿ. ಮುಂದಿನ ಸಲ ತಂತ್ರಾಂಶವು ಮುಗ್ಗರಿಸಿದರೆ ಅಕ್ಷರಗಳು ತೆರೆಯ ಮೇಲೆಯೇ ನಿಲ್ಲುವುವು. ಅವನ್ನು ಬರೆದುಕೊಳ್ಳಬಹುದು, ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಬಹುದು. ಗುರುತನ್ನು ತೆಗೆದ ಮೇಲೆಯೂ ಯಂತ್ರವು ಹಿಂದಿನಂತೆಯೇ ಒಂದಕ್ಷರವೂ ಇಲ್ಲದೆ ಆರಿ ಹೊತ್ತಿದರೆ, ತಂತ್ರಾಂಶದ ಮೇಲಿನ ಸಂಶಯವನ್ನು ಬದಿಗಿಟ್ಟು ವಿದ್ಯುತ್ತಿನ ಕಡೆಗೆ ತಿರುಗಬೇಕು. ಒಂದು ಚಿಕ್ಕ ಗುರುತಿನಿಂದ ಹುಡುಕಾಟದ ಕ್ಷೇತ್ರವು ಅರ್ಧಕ್ಕಿಳಿಯುತ್ತದೆ.

‘ಈವೆಂಟ್ ವ್ಯೂವರ್’ ಎಂಬ ದಿನಚರಿಯೊಂದು ಯಂತ್ರದೊಳಗೇ ಇದೆ. ಹೀಗೆ ಆರಿದಾಗಲೆಲ್ಲ ಅದರಲ್ಲಿ ‘ಕರ್ನೆಲ್-ಪವರ್’ ಎಂಬ ಹೆಸರಿನಲ್ಲಿ 41 ಎಂಬ ಸಂಖ್ಯೆ ದಾಖಲಾಗುತ್ತದೆ. ‘ಪವರ್’ ಎಂಬ ಪದವನ್ನು ಕಂಡೊಡನೆ ವಿದ್ಯುತ್ತಿನ ದೋಷವೇ ಸಿದ್ಧವಾಯಿತೆಂದು ಹಲವರು ನಂಬುತ್ತಾರೆ. ಅದು ಸರಿಯಲ್ಲ. ಯಂತ್ರವು ಕ್ರಮವಾಗಿ ಮುಚ್ಚಲ್ಪಡದೆ ನಿಂತುಹೋಯಿತೆಂಬಷ್ಟನ್ನೇ ಆ ಸಂಖ್ಯೆ ಹೇಳುತ್ತದೆ, ಏಕೆಂಬುದನ್ನು ಹೇಳುವುದಿಲ್ಲ. ಅದೇ ಹೊತ್ತಿನಲ್ಲಿ ‘ಬಗ್‌ಚೆಕ್’ ಎಂಬ ಹೆಸರಿನ 1001ನೆಯ ದಾಖಲೆಯೂ ಇದ್ದರೆ ತಂತ್ರಾಂಶದ ಕಡೆಗೆ, ಇಲ್ಲದಿದ್ದರೆ ವಿದ್ಯುತ್ತಿನ ಕಡೆಗೆ ನೋಡುವುದು ಯುಕ್ತ.

ಇಷ್ಟಕ್ಕೂ ಒಂದು ಸಾಧನವನ್ನು ಜೋಡಿಸಿದರೆ ಇಡೀ ಯಂತ್ರವೇ ಆರಬೇಕೇಕೆ? ಹಿಂದೆ ಮೌಸಿಗೊಂದು, ಪ್ರಿಂಟರಿಗೊಂದು, ಮೋಡೆಮಿಗೊಂದು ಎಂದು ಬೇರೆ ಬೇರೆ ಕಿಂಡಿಗಳಿದ್ದುವು. ಹಲವನ್ನು ಜೋಡಿಸುವಾಗ ಯಂತ್ರವನ್ನು ಆರಿಸಬೇಕಾಗಿತ್ತು. ಈ ತೊಡಕನ್ನು ನೀಗಲೆಂದು 1996ರ ಜನವರಿಯಲ್ಲಿ ಯುಎಸ್‌ಬಿ ಎಂಬ ಏಕರೂಪದ ಕೊಂಡಿಯು ಬಂದಿತು. ಇದನ್ನು ರೂಪಿಸಿದವರಲ್ಲಿ ಪ್ರಮುಖರು ಇಂಟೆಲ್ ಸಂಸ್ಥೆಯಲ್ಲಿದ್ದ ಅಜಯ್ ಭಟ್ಟರು. ಬರೋಡೆಯಲ್ಲಿ ಓದಿದ ಭಾರತೀಯರು ಎಂಬುದು ನಮಗೆ ಸಂತೋಷದ ಸಂಗತಿ. ಯಂತ್ರವು ನಡೆಯುತ್ತಿರುವಾಗಲೇ ಜೋಡಿಸಬಹುದಾದ ಈ ಕೊಂಡಿಯಲ್ಲಿ ಮೂಲತಃ ನಾಲ್ಕು ತಂತಿಗಳು: ಎರಡು ಮಾಹಿತಿಗೆ, ಎರಡು 5 ವೋಲ್ಟಿನ ವಿದ್ಯುತ್ತಿಗೆ. ಮಾಹಿತಿಯೂ ವಿದ್ಯುತ್ತೂ ಒಂದೇ ಬಳ್ಳಿಯಲ್ಲಿ ಹರಿಯುವುದರಿಂದಲೇ ಅನುಕೂಲವೂ ಉಂಟು, ಉಪದ್ರವವೂ ಉಂಟು. ಉಪದ್ರವವು ಸಾಮಾನ್ಯರಿಗೆ ಮಾತ್ರವಲ್ಲ. 1998ರ ಏಪ್ರಿಲ್ 20ರಂದು ಷಿಕಾಗೋ ನಗರದ ಕಾಮ್‌ಡೆಕ್ಸ್ ಪ್ರದರ್ಶನದಲ್ಲಿ, ಬಿಲ್ ಗೇಟ್ಸರು ವೇದಿಕೆಯ ಮೇಲಿದ್ದಾಗಲೇ, ಬಿಡುಗಡೆಗೆ ಸಿದ್ಧವಾಗುತ್ತಿದ್ದ ವಿಂಡೋಸ್ 98ಕ್ಕೆ ಅವರ ಸಹಾಯಕರು ಒಂದು ಸ್ಕ್ಯಾನರನ್ನು ಜೋಡಿಸಿದರು. ಸಭೆಯ ಸಮಕ್ಷಮದಲ್ಲಿ ನೀಲಿಯ ತೆರೆ ಬಂದು ಯಂತ್ರವು ಸ್ತಬ್ಧವಾಯಿತು. ನಮ್ಮ ಮನೆಗಳಲ್ಲಿ ಹಾಗಾದರೆ ನಾಚಬೇಕಾದುದಿಲ್ಲ.

ವಿದ್ಯುತ್ತಿನ ಲೆಕ್ಕವು ಸರಳವಾದುದು. ಯುಎಸ್‌ಬಿ 2.0 ಕಿಂಡಿಯೊಂದು ಕೊಡಬೇಕಾದುದು 500 ಮಿಲಿಆಂಪಿಯರ್; ಒಳಗಿನ ನಾಲಗೆ ಬಹುತೇಕ ನೀಲಿಯಾಗಿರುವ 3.0 ಕಿಂಡಿಯಾದರೆ 900. ಪೆನ್‌ಡ್ರೈವಿಗೆ ಇದು ಧಾರಾಳ. ತಿರುಗುವ ತಟ್ಟೆಯುಳ್ಳ ಹೊರ ಹಾರ್ಡ್‌ಡಿಸ್ಕು ತಿರುಗಲಾರಂಭಿಸುವ ಮೊದಲ ಕ್ಷಣದಲ್ಲಿ ಇದಕ್ಕಿಂತ ಅಧಿಕವಾಗಿ ಎಳೆಯಬಹುದು. ಮದರ್‌ಬೋರ್ಡು ಚೆನ್ನಾಗಿದ್ದರೆ ಆ ಕಿಂಡಿಯನ್ನಷ್ಟೇ ತಡೆದು ಸುಮ್ಮನಾಗುತ್ತದೆ. ಸಾಧನವು ನಡೆಯುವುದಿಲ್ಲ, ಯಂತ್ರವು ನಡೆಯುತ್ತದೆ. ಯಂತ್ರಕ್ಕೆ ವಿದ್ಯುತ್ತನ್ನು ಹಂಚುವ ಎಸ್‌ಎಂಪಿಎಸ್ ಪೆಟ್ಟಿಗೆಯು ಹಳೆಯದಾಗಿ ಸೋತಿದ್ದರೆ, ಈ ಚಿಕ್ಕ ಎಳೆತಕ್ಕೇ ಒಳಗಿನ ಒತ್ತಡವು ಕುಸಿಯುತ್ತದೆ. ‘ವಿದ್ಯುತ್ತು ಕ್ಷೇಮ’ ಎಂದು ಪೆಟ್ಟಿಗೆಯು ಮದರ್‌ಬೋರ್ಡಿಗೆ ಸದಾ ಕಳುಹುತ್ತಿರುವ ಸಂಕೇತವೊಂದುಂಟು. ಅದು ಕ್ಷಣಕಾಲ ತಪ್ಪಿದರೂ ಮದರ್‌ಬೋರ್ಡು ಎಲ್ಲವನ್ನೂ ನಿಲ್ಲಿಸಿ, ಸಂಕೇತವು ಮರಳಿದೊಡನೆ ಮೊದಲಿನಿಂದ ಆರಂಭಿಸುತ್ತದೆ. ನಮ್ಮ ಕಣ್ಣಿಗೆ ‘ತಾನಾಗಿ ಆರಿ ಹೊತ್ತಿತು’ ಎಂದು ಕಾಣುವುದು ಇದೇ.

ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದಿಲ್ಲ, ಹಸಿಯ ಕಟ್ಟಿಗೆಯ ಸಂಯೋಗವಿದ್ದರೆ ಮಾತ್ರ ಹೊಗೆ. ಇದನ್ನು ತಾರ್ಕಿಕರು ಉಪಾಧಿ ಎನ್ನುತ್ತಾರೆ. ಇಲ್ಲಿ ಹೊರಗಿನ ಡಿಸ್ಕು ಬೆಂಕಿಯಾದರೆ ಸೋತ ಎಸ್‌ಎಂಪಿಎಸ್ ಹಸಿಯ ಕಟ್ಟಿಗೆ. ಅದೇ ಡಿಸ್ಕನ್ನು ನೆರೆಮನೆಯ ಗಣಕಕ್ಕೆ ಜೋಡಿಸಿದರೆ ಏನೂ ಆಗದಿರಬಹುದು.

ಇನ್ನು, ಕಿಂಡಿಯ ಹೊರಗೆ, ಗೋಡೆಯ ಕಡೆಗೆ ಬರೋಣ. ನಮ್ಮ ಅನುಭವದಲ್ಲಿ ಮನೆಗಳ ತೊಂದರೆಯಲ್ಲಿ ದೊಡ್ಡ ಪಾಲು ಇಲ್ಲಿಯೇ ಅಡಗಿರುತ್ತದೆ. ರಿಪೇರಿಯವರು ಯಂತ್ರವನ್ನು ತಮ್ಮ ಅಂಗಡಿಗೆ ಹೊತ್ತೊಯ್ದು ನೋಡುವುದರಿಂದ ಅವರ ಕಣ್ಣಿಗೆ ಬೀಳದಿರುವುದೂ ಇದೇ.

ಉತ್ತರ ಕರ್ನಾಟಕದ ತಾಲೂಕು ಕೇಂದ್ರವೊಂದರಲ್ಲಿ ನಮಗೆ ಪರಿಚಿತವಾದ ಒಂದು ಮನೆಯುಂಟು. ಮನೆಯ ಹಿರಿಯರು ನಿವೃತ್ತ ಶಿಕ್ಷಕರು. ತಮ್ಮ ಊರಿನ ಕೆರೆ, ಗುಡಿ, ಶಾಸನಗಳ ವೃತ್ತಾಂತವನ್ನು ಹನ್ನೊಂದು ನೋಟುಬುಕ್ಕುಗಳಲ್ಲಿ ಕೈಬರಹದಲ್ಲಿ ಬರೆದಿಟ್ಟವರು. ಕಣ್ಣು ಮಂಜಾಗುತ್ತಿರುವ ಅವರಿಗೆ, ಅಚ್ಚಿನಲ್ಲಿ ಅದನ್ನು ಕಾಣಬೇಕೆಂಬ ಹಂಬಲ. ಮಗನ ಹೆಂಡತಿಯು ಬೆರಳಚ್ಚು ಬಲ್ಲವಳು. ಮಧ್ಯಾಹ್ನದ ಬಿಡುವಿನಲ್ಲಿ ಕುಳಿತು ಪುಟಪುಟವಾಗಿ ಗಣಕಕ್ಕೆ ಏರಿಸತೊಡಗಿದಳು. ಕರಡು ತೆಗೆದು ಮಾವನವರಿಗೆ ದೊಡ್ಡಕ್ಷರದಲ್ಲಿ ತೋರಿಸಲೆಂದು, ತನ್ನ ತವರಿನಲ್ಲಿ ಬಳಕೆಯಿಲ್ಲದೆ ಇದ್ದ ಲೇಸರ್ ಪ್ರಿಂಟರೊಂದನ್ನು ತರಿಸಿಕೊಂಡಳು. ಅಂದಿನಿಂದ ತೊಡಗಿತು. ಪ್ರಿಂಟ್ ಕೊಟ್ಟರೆ ಸಾಕು, ಗಣಕವು ಆರಿ ಹೊತ್ತುತ್ತಿತ್ತು. ಒಂದು ದಿನ ನಲವತ್ತು ಪುಟಗಳ ಕಡತವೇ ಕೆಟ್ಟುಹೋಯಿತು. ಅದೇ ಗಣಕದಲ್ಲಿದ್ದ ಗಂಡನ ಅಂಗಡಿಯ ಲೆಕ್ಕವೂ ಎರಡು ಸಲ ತೊಡಕಾಯಿತು. ಅಂಗಡಿಯವರು ನೋಡಿ ಮದರ್‌ಬೋರ್ಡು ಹೋಗಿದೆ, ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯಿರೆಂದರು. “ನಿನ್ನ ತವರುಮನಿ ಮಷೀನ್ ಬಂದಾಗಿಂದ ಹಿಂಗಾಗೈತಿ ನೋಡವಾ” ಎಂದು ಅತ್ತೆಯವರು ಒಮ್ಮೆ ಅಂದದ್ದು ದಿನವೂ ಬೇರೆ ಬೇರೆ ರೂಪದಲ್ಲಿ ಕೇಳಿಬರತೊಡಗಿತು. ಆಕೆಯು ಬೆರಳಚ್ಚು ಮಾಡುವುದನ್ನೇ ಬಿಟ್ಟಳು. ಹಿರಿಯರು ಯಾರಿಗೂ ಏನನ್ನೂ ಹೇಳದೆ ನೋಟುಬುಕ್ಕುಗಳನ್ನು ಮತ್ತೆ ಟ್ರಂಕಿನಲ್ಲಿಟ್ಟರು.

ಈ ಸಂಗತಿಯು ನಮ್ಮ ಕಿವಿಗೆ ಬಿದ್ದಾಗ ನಾವು ಹೇಳಿಕಳುಹಿಸಿದುದು ಎರಡೇ ಪರೀಕ್ಷೆಗಳನ್ನು. ಮೊದಲನೆಯದು: ಗಣಕಕ್ಕೂ ಪ್ರಿಂಟರಿಗೂ ನಡುವಣ ಯುಎಸ್‌ಬಿ ಬಳ್ಳಿಯನ್ನು ಪೂರ್ತಿಯಾಗಿ ಕಿತ್ತಿಡಿರಿ, ಪ್ರಿಂಟರನ್ನು ಮೊದಲಿದ್ದ ಬೋರ್ಡಿನಲ್ಲಿಯೇ ಬಿಟ್ಟು, ಅದರ ಮೈಮೇಲಿನ ಗುಂಡಿಯಿಂದ ಪರೀಕ್ಷಾಪುಟವೊಂದನ್ನು ತೆಗೆಯಿರಿ. ಎರಡನೆಯದು: ಯುಎಸ್‌ಬಿ ಬಳ್ಳಿಯನ್ನು ಮರಳಿ ಜೋಡಿಸಿ, ಪ್ರಿಂಟರಿನ ವಿದ್ಯುತ್ತನ್ನು ಮಾತ್ರ ಬೇರೊಂದು ಗೋಡೆಯ ಪ್ಲಗ್ಗಿಗೆ ಹಾಕಿರಿ. ಮೊದಲನೆಯದರಲ್ಲಿ, ಬಳ್ಳಿಯೇ ಇಲ್ಲದಿದ್ದರೂ, ಗಣಕವು ಆರಿ ಹೊತ್ತಿತು. ಎರಡನೆಯದರಲ್ಲಿ ಬಳ್ಳಿಯಿದ್ದರೂ ಇಪ್ಪತ್ತು ಪುಟಗಳು ನಿರಾತಂಕವಾಗಿ ಹೊರಬಂದುವು. ಮದರ್‌ಬೋರ್ಡೂ ನಿರ್ದೋಷಿ, ತವರಿನ ಪ್ರಿಂಟರೂ ನಿರ್ದೋಷಿ. ಎರಡನ್ನೂ ಒಂದೇ ಯುಪಿಎಸ್ಸಿಗೆ ಕಟ್ಟಿದುದೇ ದೋಷ.

ಕಾರಣವಿಷ್ಟೆ. ಲೇಸರ್ ಪ್ರಿಂಟರಿನೊಳಗೆ ಮಸಿಪುಡಿಯನ್ನು ಕಾಗದಕ್ಕೆ ಕಾಯಿಸಿ ಅಂಟಿಸುವ ಉರುಳೆಯೊಂದಿದೆ. ಇಸ್ತ್ರಿಪೆಟ್ಟಿಗೆಯಂತೆ ಅದು ಕಾಯುವ ಕ್ಷಣದಲ್ಲಿ ಹಲವು ನೂರು ವಾಟ್ ವಿದ್ಯುತ್ತನ್ನು ಒಮ್ಮೆಗೇ ಎಳೆಯುತ್ತದೆ. ಆ ಮನೆಯ ಯುಪಿಎಸ್ಸಿನ ಮೇಲೆ 600 ವಿಎ ಎಂದಿತ್ತು. ಅಂಥವು ನಿಜವಾಗಿ ಹೊರಬಲ್ಲುದು ಸಾಮಾನ್ಯವಾಗಿ 360 ವಾಟ್ ಮಾತ್ರ. ಎಳೆತವು ಮಿತಿಮೀರಿದೊಡನೆ ಯುಪಿಎಸ್ ತತ್ತರಿಸುತ್ತದೆ. ಗಣಕದ ಎಸ್‌ಎಂಪಿಎಸ್ ಹೊಸದಿದ್ದರೂ ಹೊರಗಿನ ವಿದ್ಯುತ್ತು ತಪ್ಪಿದಾಗ ತನ್ನ ಸಂಗ್ರಹದಿಂದ ನಿಭಾಯಿಸಬಲ್ಲುದು ಸುಮಾರು 16 ಮಿಲಿಸೆಕೆಂಡು. ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ. ಲೇಸರ್ ಪ್ರಿಂಟರನ್ನು ಯುಪಿಎಸ್ಸಿಗೆ ಎಂದಿಗೂ ಜೋಡಿಸತಕ್ಕದ್ದಲ್ಲ. ಅದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಹೀಟರುಗಳನ್ನು ಹಾಕುವುದೂ ಹಾಗೆಯೇ. ಇನ್‌ವರ್ಟರನ್ನು ನಂಬಿ ಗಣಕವನ್ನಿಟ್ಟುಕೊಂಡವರು ಅದರಲ್ಲಿರುವ ‘ಯುಪಿಎಸ್ ಮೋಡ್’ ಎಂಬ ಗುಂಡಿಯನ್ನು ಹಾಕಿದ್ದಾರೆಯೇ ಎಂದು ನೋಡಿಕೊಳ್ಳಬೇಕು. ಇಲ್ಲವಾದರೆ ಲೈನಿನಿಂದ ಬ್ಯಾಟರಿಗೆ ಹೊರಳುವ ವಿಳಂಬದಲ್ಲಿಯೇ ಗಣಕವು ಆರಬಹುದು.

ಆ ಮನೆಯಲ್ಲಿ ಖರ್ಚಾದುದು ಒಂದು ಪ್ಲಗ್ಗಿಗೆ ಮತ್ತು ಕೆಲವು ಮಾರು ತಂತಿಗೆ. ಎಂಟನೆಯ ನೋಟುಬುಕ್ಕು ಮುಗಿಯುತ್ತ ಬಂದಿದೆಯೆಂದು ಹಿರಿಯರು ಮೊನ್ನೆ ಬರೆದಿದ್ದಾರೆ. ಪತ್ರವು ಅಚ್ಚಿನದು, ಅಕ್ಷರವೂ ದೊಡ್ಡದು.

ಅರ್ತಿಂಗಿನ ವಿಷಯವನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. ಇದನ್ನು ಕಡೆಗಣಿಸುವವರ ಸಂಖ್ಯೆ ನಮಗೆ ದಿಗಿಲು ಹುಟ್ಟಿಸುತ್ತದೆ. ಗಣಕದ ಲೋಹದ ಪೆಟ್ಟಿಗೆಯನ್ನು ಮುಟ್ಟಿದಾಗ ಜುಮ್ಮೆನ್ನುವುದೇ? ಹಾಗಿದ್ದರೆ ನಿಮ್ಮ ಪ್ಲಗ್ಗಿನ ಮೂರನೆಯ ಕಿಂಡಿಯು ಭೂಮಿಯನ್ನು ಮುಟ್ಟಿಲ್ಲವೆಂದು ತಿಳಿಯಿರಿ. ಎಸ್‌ಎಂಪಿಎಸ್ಸಿನೊಳಗಿನ ಸೋಸುಕವು ಅತ್ಯಲ್ಪವಾದ ವಿದ್ಯುತ್ತನ್ನು ಲೋಹದ ಮೈಗೆ ಹಾಯಿಸುತ್ತದೆ, ಅದು ಭೂಮಿಗಿಳಿಯಬೇಕು. ಇಳಿಯಲು ದಾರಿಯಿಲ್ಲದಿದ್ದರೆ ಪೆಟ್ಟಿಗೆಯ ಮೈಯು ಲೈನಿನ ಸುಮಾರು ಅರ್ಧದಷ್ಟು, ಎಂದರೆ 115 ವೋಲ್ಟಿನ ಸಮೀಪದಲ್ಲಿ ತೇಲುತ್ತಿರುತ್ತದೆ. ಆಗ ಬೇರೊಂದು ಕೋಣೆಯ ಪ್ಲಗ್ಗಿನಲ್ಲಿರುವ ಪ್ರಿಂಟರಿನ ಬಳ್ಳಿಯನ್ನೋ, ಕೇಬಲ್ ಟಿ.ವಿ.ಯ ತಂತಿಯುಳ್ಳ ಸಾಧನವನ್ನೋ ಜೋಡಿಸಿದೊಡನೆ, ಆ ತೇಲುವ ವಿದ್ಯುತ್ತು ಯುಎಸ್‌ಬಿ ಬಳ್ಳಿಯ ಮೂಲಕವೇ ಭೂಮಿಗೆ ದಾರಿಯನ್ನು ಹುಡುಕಿಕೊಳ್ಳುತ್ತದೆ. ಚುಚ್ಚುವಾಗ ಸಣ್ಣ ಕಿಡಿ ಕಾಣಿಸಬಹುದು, ಯಂತ್ರವು ಆರಬಹುದು, ಕಿಂಡಿಯೇ ಸುಟ್ಟುಹೋಗಬಹುದು.

ಪರೀಕ್ಷೆಯನ್ನು ಬಲ್ಲ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು. ಮೀಟರು ಹಿಡಿದು ನೋಡಿದಾಗ ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ ಸುಮಾರು 230 ವೋಲ್ಟ್, ಫೇಸಿಗೂ ಅರ್ತಿಗೂ ನಡುವೆ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ಕೆಲವೇ ವೋಲ್ಟು ತೋರಬೇಕು. ಕೆಲವರು ಶ್ರಮವುಳಿಸಲು ಪ್ಲಗ್ಗಿನೊಳಗೆ ನ್ಯೂಟ್ರಲ್ಲನ್ನೂ ಅರ್ತನ್ನೂ ಒಂದು ತುಂಡು ತಂತಿಯಿಂದ ಗಂಟುಹಾಕಿಬಿಡುತ್ತಾರೆ. ಮೀಟರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಎಂದಾದರೂ ನ್ಯೂಟ್ರಲ್ ತಂತಿ ಕಡಿದರೆ ಗಣಕದ ಮೈಗೆ ಪೂರ್ಣ 230 ವೋಲ್ಟು ಬರುತ್ತದೆ. ಮಕ್ಕಳು ಕೈಯಿಡುವ ಜಾಗ ಅದು. ಇಂಥ ಗಂಟು ಕಂಡರೆ ಆ ದಿನವೇ ಬಿಡಿಸಿರಿ. ಮೂರು ಕಡ್ಡಿಯ ಪ್ಲಗ್ಗಿನ ದಪ್ಪನೆಯ, ಉದ್ದನೆಯ ಕಡ್ಡಿಯನ್ನು ಮುರಿದು ಎರಡು ಕಿಂಡಿಯ ಬೋರ್ಡಿಗೆ ತುರುಕುವುದೂ ಅಷ್ಟೇ ಅಪಾಯಕರ. ಉಳಿದೆರಡಕ್ಕಿಂತ ಮೊದಲು ಭೂಮಿಯ ಸಂಪರ್ಕವಾಗಲೆಂದೇ ಆ ಕಡ್ಡಿಯನ್ನು ಉದ್ದವಾಗಿ ಮಾಡಿರುತ್ತಾರೆ. ಹಿತ್ತಲಿನಲ್ಲಿ ಇದ್ದಿಲು, ಉಪ್ಪು ತುಂಬಿ ಹೂಳಿದ ಅರ್ತಿನ ಕೊಳವೆಯಿದ್ದರೆ ಬೇಸಿಗೆಯಲ್ಲಿ ಅದಕ್ಕೆ ಆಗಾಗ್ಗೆ ನೀರು ಹೊಯ್ಯಬೇಕು. ನೆಲವು ಒಣಗಿದಂತೆ, ವಿಶೇಷವಾಗಿ ಕಲ್ಲುನೆಲದ ಊರುಗಳಲ್ಲಿ, ಅರ್ತು ಕೇವಲ ಹೆಸರಿಗೆ ಉಳಿಯುತ್ತದೆ. ಮಳೆಗಾಲದಲ್ಲಿ ಸರಿಯಾಗಿದ್ದು ಏಪ್ರಿಲ್-ಮೇ ತಿಂಗಳುಗಳಲ್ಲಿ ಮಾತ್ರ ಗಣಕವು ಕಾಡುತ್ತಿದ್ದರೆ ಇದನ್ನು ನೆನೆಯಿರಿ.

ಲ್ಯಾಪ್‌ಟಾಪ್ ಉಳ್ಳವರಿಗೆ ಗೋಡೆಯ ಚಿಂತೆ ಕಡಿಮೆ. ಬ್ಯಾಟರಿಯು ಆರೋಗ್ಯವಾಗಿದ್ದರೆ ಹೊರಗಿನ ಏರುಪೇರು ಅದನ್ನು ತಟ್ಟುವುದಿಲ್ಲ. ಅಲ್ಲಿಯೂ ಸಾಧನವನ್ನು ಚುಚ್ಚಿದಾಗ ಆರಿದರೆ ಕಿಂಡಿಯನ್ನೋ ಡ್ರೈವರನ್ನೋ ಶಂಕಿಸಬೇಕು. ಬ್ಯಾಟರಿಯು ಸತ್ತಿದ್ದು ಚಾರ್ಜರಿನ ಬಲದಿಂದಲೇ ನಡೆಯುತ್ತಿದ್ದರೆ ಮಾತ್ರ ಮೇಲಿನ ಮಾತುಗಳೆಲ್ಲವೂ ಅದಕ್ಕೂ ಅನ್ವಯಿಸುತ್ತವೆ.

ಪರೀಕ್ಷೆಯ ಕ್ರಮ ಹೀಗಿರಲಿ. ಎಲ್ಲಕ್ಕೂ ಮೊದಲು, ಕಳೆದುಕೊಳ್ಳಲಾಗದ ಕಡತಗಳನ್ನು ಬೇರೆಡೆಗೆ ನಕಲುಮಾಡಿಕೊಳ್ಳಿರಿ. ಬಳಿಕ ಕೀಲಿಮಣೆ, ಮೌಸುಗಳ ಹೊರತು ಎಲ್ಲವನ್ನೂ ಬಿಚ್ಚಿರಿ. ತೊಂದರೆಯು ದಿನಕ್ಕೊಮ್ಮೆ ಬರುತ್ತಿದ್ದರೆ ಎರಡು ಮೂರು ದಿನ ಹಾಗೆಯೇ ನಡೆಸಿರಿ. ಒಂದು ಗಂಟೆ ಸುಮ್ಮನಿದ್ದ ಮಾತ್ರಕ್ಕೆ ವಾಸಿಯಾಯಿತೆನ್ನಲಾಗದು. ಏನೂ ಇಲ್ಲದೆಯೂ ಆರುತ್ತಿದ್ದರೆ ಸಾಧನಗಳು ನಿರ್ದೋಷಿಗಳು; ಎಸ್‌ಎಂಪಿಎಸ್, ಧೂಳು, ಬಿಸಿ ಇವುಗಳ ಕಡೆಗೆ ನೋಡಬೇಕು. ಆರದಿದ್ದರೆ ಒಂದೊಂದಾಗಿ ಜೋಡಿಸುತ್ತ ಬನ್ನಿರಿ, ಒಂದು ಸಲಕ್ಕೆ ಒಂದೇ ಬದಲಾವಣೆ. ಯಾವುದರಿಂದ ಆರಿತೋ ಅದನ್ನು ಬೇರೆ ಕಿಂಡಿಗೆ, ಮತ್ತೆ ಬೇರೆ ಬಳ್ಳಿಯಲ್ಲಿ, ಕೊನೆಗೆ ಬೇರೆ ಗಣಕದಲ್ಲಿ ಹಾಕಿ ನೋಡಿರಿ. ಪೆಟ್ಟಿಗೆಯ ಮುಂಬದಿಯ ಕಿಂಡಿಗಳು ತೆಳುವಾದ ತಂತಿಯಿಂದ ಮದರ್‌ಬೋರ್ಡಿಗೆ ಸೇರಿರುತ್ತವೆ. ಹಿಂಬದಿಯವು ನೇರವಾಗಿ ಅದರ ಮೇಲೆಯೇ ಇರುತ್ತವೆ. ಮುಂದಿನದರಲ್ಲಿ ಆರಿ ಹಿಂದಿನದರಲ್ಲಿ ಆರದಿದ್ದರೆ ಟಾರ್ಚು ಹಿಡಿದು ಮುಂದಿನ ಕಿಂಡಿಯೊಳಗೆ ನೋಡಿರಿ: ಹಿತ್ತಾಳೆಯ ಪಟ್ಟಿಯೊಂದು ಬಾಗಿ ಪಕ್ಕದ ಲೋಹಕ್ಕೆ ತಾಗಿರುವುದು ಅಪರೂಪವೇನಲ್ಲ. ಅಂಥ ಕಿಂಡಿಗೆ ಕಾಗದವಂಟಿಸಿ ಮುಚ್ಚಿಬಿಡಿರಿ. ಹೊರ ಡಿಸ್ಕು ಎಲ್ಲ ಕಿಂಡಿಗಳಲ್ಲಿಯೂ ಕಾಡಿದರೆ, ತನ್ನದೇ ಅಡಾಪ್ಟರುಳ್ಳ ಯುಎಸ್‌ಬಿ ಹಬ್ ಒಂದನ್ನು ನಡುವೆ ಇಡುವುದು ಅಗ್ಗದ ಪರಿಹಾರ. ಡ್ರೈವರಿನ ದೋಷವೆಂದು ತಿಳಿದರೆ ಡಿವೈಸ್ ಮ್ಯಾನೇಜರಿನಲ್ಲಿ ಹಳೆಯದನ್ನು ತೆಗೆದು, ಆ ಸಾಧನವನ್ನು ತಯಾರಿಸಿದವರೇ ಕೊಡುವ ಡ್ರೈವರನ್ನು ಹಾಕಿರಿ. ‘ಎಲ್ಲ ಡ್ರೈವರುಗಳನ್ನೂ ಸರಿಪಡಿಸುತ್ತೇವೆ’ ಎನ್ನುವ ಪುಕ್ಕಟೆ ತಂತ್ರಾಂಶಗಳ ಗೋಜಿಗೆ ಹೋಗಬೇಡಿರಿ.

ಎಸ್‌ಎಂಪಿಎಸ್ ಬದಲಿಸುವ ಮೊದಲು ಅಳೆಯಿಸಿರಿ. 12 ವೋಲ್ಟಿನ ತಂತಿಯಲ್ಲಿ 11.4ರಿಂದ 12.6ರೊಳಗೆ, 5 ವೋಲ್ಟಿನದರಲ್ಲಿ 4.75ರಿಂದ 5.25ರೊಳಗೆ ಇರಬೇಕು, ಅದೂ ಯಂತ್ರವು ಭಾರ ಹೊತ್ತು ನಡೆಯುತ್ತಿರುವಾಗ. ಮದರ್‌ಬೋರ್ಡಿನ ಮೇಲಿನ ಪುಟ್ಟ ಡಬ್ಬಿಯಂಥ ಕೆಪಾಸಿಟರುಗಳ ನೆತ್ತಿಯು ಚಪ್ಪಟೆಯಾಗಿರದೆ ಉಬ್ಬಿದ್ದರೆ ಅವು ಸೋತಿವೆಯೆಂದರ್ಥ; 2000ದ ಆಸುಪಾಸಿನ ಕೆಲವು ವರ್ಷಗಳ ಬೋರ್ಡುಗಳಲ್ಲಿ ಈ ರೋಗವು ಜಗತ್ತಿನಾದ್ಯಂತ ಹಬ್ಬಿತ್ತು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಯಾರೂ ತೆರೆಯತಕ್ಕದ್ದಲ್ಲ. ಪ್ಲಗ್ಗು ಕಿತ್ತ ಮೇಲೆಯೂ ಅದರೊಳಗೆ 300 ವೋಲ್ಟಿಗೂ ಮೀರಿದ ವಿದ್ಯುತ್ತು ಕೆಲಕಾಲ ಉಳಿದಿರಬಹುದು.

ಹೊಸದಾಗಿ ಕೊಂಡ ಸಾಧನವೊಂದು ಎರಡು ಮೂರು ಬೇರೆ ಬೇರೆ ಗಣಕಗಳನ್ನೂ ಹೀಗೆಯೇ ಆರಿಸಿದರೆ, ವಾರಂಟಿಯ ಅವಧಿಯೊಳಗೆ ರಸೀದಿಯೊಡನೆ ಹಿಂದಿರುಗಿಸಿರಿ. ಅಂಗಡಿಗೆ ಹೋಗುವಾಗ ಒಂದು ಚೀಟಿಯಲ್ಲಿ ಇಷ್ಟನ್ನು ಬರೆದೊಯ್ಯಿರಿ: ಆರಿದ ದಿನ, ವೇಳೆ, ಆಗ ಜೋಡಿಸಿದ್ದ ಸಾಧನಗಳು, ಬಳಸಿದ ಕಿಂಡಿ, ತೆರೆಯ ಮೇಲೆ ಅಕ್ಷರ ಬಂದಿತ್ತೇ ಇಲ್ಲವೇ, ಮನೆಯಲ್ಲಿ ಆಗ ಮತ್ತೇನು ನಡೆಯುತ್ತಿತ್ತು, ಪಂಪು, ಮಿಕ್ಸಿ, ಇಸ್ತ್ರಿ. ಈ ಚೀಟಿಯನ್ನು ಓದದೆಯೇ ಹೊಸ ಯಂತ್ರದ ದರವನ್ನು ಹೇಳತೊಡಗುವ ಅಂಗಡಿಯಿಂದ ಯಂತ್ರವನ್ನು ಮರಳಿ ಎತ್ತಿಕೊಂಡು ಬರಬಹುದು.